ಉದ್ದ ಪ್ರಾರ್ಥನೆಗೆ ಎದ್ದ ಕಪ್ಪೆ

ನನ್ನ ಹೆಂಡತಿಯನ್ನು ವಿಶ್ವವಿದ್ಯಾಲಯದಲ್ಲಿ ಎಲ್ಲರೂ ಕಪ್ಪೆ ಮೇಡಂ ಎನ್ನುತ್ತಿದ್ದರು. ಎದುರಿಗೆ ಬರೀ ಮೇಡಂ, ಬೆನ್ನ ಹಿಂದೆ ಕಪ್ಪೆ ಮೇಡಂ. ಅವಳಿಗೆ ಅದು ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ಬೇಜಾರಾಗುತ್ತಿದ್ದದ್ದು ನನಗೆ. ಆ ಲೆಕ್ಕದಲ್ಲಿ ನಾನು ಕಪ್ಪೆ ಮೇಡಂ ಗಂಡ ತಾನೇ? ಅದೇ ವಿಶ್ವವಿದ್ಯಾಲಯದ ಪ್ರಾರ್ಥನಾಮಂದಿರದಲ್ಲಿ ಆರ್ಗನ್ ನುಡಿಸುವ ಕೆಲಸ ನನ್ನದು. ಪಾದ್ರಿಗಳ ಪ್ರಸಂಗ ಮುಗಿಯುವ ತನಕ ನಿದ್ದೆ ತಡೆದುಕೊಂಡು ಕೂತಿರುವುದು, ಮುಗಿದ ಕೂಡಲೇ ಜೋರಾಗಿ ನುಡಿಸಿ ಮಿಕ್ಕವರನ್ನು ಎಬ್ಬಿಸುವುದು. ಇದಕ್ಕೆ ಸಂಬಳವನ್ನೂ ಕೊಡುತ್ತಿದ್ದರು.

ಅವಳಪ್ಪ ಕೊಳಾಯಿ ರಿಪೇರಿಯವರು. ಚಿಕ್ಕಂದಿನಲ್ಲಿ ಅವರ ಹಿಂದೆಯೇ ಓಡಾಡಿ, ಯಾವ ಪೈಪು ಎಲ್ಲಿಗೆ ಹೋಗುತ್ತದೆ, ಎಲ್ಲಿ ಕಟ್ಟಿಕೊಂಡರೆ ಎಲ್ಲಿ ಸೋರುತ್ತದೆ ಎಂದು ನೋಡಿ ನೋಡಿ ಬೆಳೆದವಳು. ಮನುಷ್ಯರನ್ನೂ ಹಾಗೆಯೇ ನೋಡುತ್ತಿದ್ದಳು. ನಮ್ಮ ಪರಿಚಯವಾದದ್ದೂ ಹಾಗೆಯೇ. ಒಂದು ದಿನ ಆರಾಧನೆ ಮುಗಿದ ಮೇಲೆ ನೆಟ್ಟಗೆ ನನ್ನ ಹತ್ತಿರ ಬಂದಳು. ಎಂಥ ಚೆನ್ನಾಗಿ ನುಡಿಸಿದಿರಿ ಎನ್ನುತ್ತಾಳೆ ಎಂದು ನಾನು ಹಲ್ಲು ಕಿರಿಯಲು ಸಿದ್ಧನಾಗಿದ್ದೆ. ಅವಳು ನಿಮ್ಮ ಪೆಟ್ಟಿಗೆಯಲ್ಲಿ ಗಾಳಿ ಸೋರುತ್ತಿದೆ ಎಂದು ಹೇಳಿ, ಮಂಡಿಯೂರಿ ಕೂತು ತಿದಿಗೆ ತೇಪೆ ಹಾಕಿ ಹೋದಳು. ಅವಳನ್ನು ಮದುವೆಯಾಗದೆ ಇನ್ನೇನು ಮಾಡಲಿ? ಪ್ರೀತಿ ಪ್ರೇಮದ ಮಾತೆತ್ತಿದರೆ, "ಹೃದಯ ಅಂದ್ರೆ ಏನ್ರೀ, ಒಂದು ಪಂಪು" ಎನ್ನುತ್ತಿದ್ದಳು. ಆದರೆ ವಿದ್ಯಾರ್ಥಿನಿಯಾಗಿದ್ದಾಗ ಮೊದಲ ಸಲ ಕಪ್ಪೆಯ ಹೃದಯ ಗಾಜಿನ ಬಟ್ಟಲಲ್ಲಿ ಒಂಟಿಯಾಗಿ ಬಡಿಯುವುದನ್ನು ನೋಡಿ ಊಟ ಬಿಟ್ಟು ಕೂತಿದ್ದಳಂತೆ. ದೇಹವೇ ಇಲ್ಲ, ಆದರೂ ಅದು ತನ್ನ ಪಾಡಿಗೆ ಬಡಿಯುತ್ತಿತ್ತು. ಅವತ್ತೇ ಈ ಕೆಲಸಕ್ಕೆ ಬಿದ್ದೆ ಎಂದು ಒಂದೇ ಒಂದು ಸಲ ನನಗೆ ಹೇಳಿದ್ದಾಳೆ, ಅದೂ ಜ್ವರ ಬಂದು ಮಲಗಿದ್ದಾಗ.

ಕ್ರೈಸ್ತ ವಿಶ್ವವಿದ್ಯಾಲಯ ಎಂದ ಮೇಲೆ ಅಲ್ಲಿ ಪ್ರಾರ್ಥನೆಯಿಲ್ಲದೆ ಬೆಂಚೂ ಅಲುಗುವುದಿಲ್ಲ. ಯಾವ ತರಗತಿಯಾಗಲಿ, ಮೊದಲು ತಲೆ ಬಾಗಿಸಬೇಕು. ಗಣಿತದವರಿಗೆ ಸುಲಭ, ಲೆಕ್ಕ ಸರಿಹೋಗಲಿ ಎಂದರೆ ಮುಗಿಯಿತು. ಕಷ್ಟ ಜೀವಶಾಸ್ತ್ರದವರದು. ಮೊದಲ ವರ್ಷ ಎಲೆ, ಬೇರು, ಹೂವು ಎಂದು ಮರ್ಯಾದೆಯಾಗಿ ಕಳೆಯುತ್ತದೆ. ಮೇಲಿನ ವರ್ಷಗಳಿಗೆ ಹೋದ ಹಾಗೆ ವಿಷಯ ಬಿಗಡಾಯಿಸುತ್ತದೆ. ತಳಿಶಾಸ್ತ್ರದ ಮೇಷ್ಟ್ರು ಹಣ್ಣುನೊಣಗಳ ಸೀಸೆಗಳನ್ನು ಮುಂದಿಟ್ಟುಕೊಂಡು, ಕರ್ತನೇ, ಇವು ಬೇಗ ಬೇಗ ಹೆಚ್ಚಲಿ ಎಂದು ಬೇಡುತ್ತಿದ್ದರು. ಆ ಪ್ರಾರ್ಥನೆ ಒಂದು ವರ್ಷವೂ ಸುಳ್ಳಾಗಲಿಲ್ಲ, ಕ್ಯಾಂಟೀನಿನವರೆಗೂ ನೊಣ. ಜೀವವಿಕಾಸ ಕಲಿಸುವವರು ಮಾತ್ರ ಕಣ್ಣು ಬಿಟ್ಟುಕೊಂಡೇ ಪ್ರಾರ್ಥಿಸುತ್ತಿದ್ದರು. ಪಾದ್ರಿಗಳು ಬಾಗಿಲಿಗೆ ಬಂದರೆ ತಿಳಿಯಬೇಕಲ್ಲ!

ನನ್ನವಳು ಕಲಿಸುತ್ತಿದ್ದದ್ದು ಕೊನೆಯ ವರ್ಷದ ಶರೀರಕ್ರಿಯಾಶಾಸ್ತ್ರ. ಈಗ ಕಪ್ಪೆಯನ್ನು ಕಂಪ್ಯೂಟರ್ ಪರದೆಯ ಮೇಲೆ ಕೊಯ್ಯುತ್ತಾರಂತೆ, ಕೈಗೆ ನೀರೂ ಅಂಟುವುದಿಲ್ಲ. ಆಗ ನಿಜವಾದ ಕಪ್ಪೆ. ಗಾಜಿನ ಭರಣಿಯಲ್ಲಿ ಈಥರ್‌ನಲ್ಲಿ ಅದ್ದಿದ ಹತ್ತಿಯ ಜೊತೆ ಇಟ್ಟರೆ ಅದು ಪ್ರಜ್ಞೆ ತಪ್ಪಿ ಮಲಗುತ್ತದೆ. ಆಮೇಲೆ ಮೇಣದ ತಟ್ಟೆಗೆ ತಂದು, ನೋವು ತಿಳಿಯದ ಹಾಗೆ ತಲೆಯ ಹಿಂದೆ ಸೂಜಿ ಚುಚ್ಚಿ, ಅಂಗಾತ ಮಲಗಿಸಿ, ಕೈಕಾಲಿಗೆ ಗುಂಡುಸೂಜಿ ಹೊಡೆದು, ಎದೆ ಬಿಡಿಸಿ ಹೃದಯ ತೆಗೆಯಬೇಕು. ಅದನ್ನು ಉಪ್ಪುನೀರಿನ ಬಟ್ಟಲಿಗೆ ಹಾಕಿ, ನೀರಿನ ಬಿಸಿ ಹೆಚ್ಚು ಕಡಿಮೆ ಮಾಡುತ್ತ ಬಡಿತ ಎಣಿಸಬೇಕು. ಇದನ್ನು ಮಾಡದೆ ಆ ವಿಷಯ ಪಾಸಾಗುವ ಹಾಗಿಲ್ಲ, ಆ ವಿಷಯ ಪಾಸಾಗದೆ ಪದವಿಯಿಲ್ಲ.

ಉಳಿದ ಕಡೆ ಪ್ರಾರ್ಥನೆ ಮಾಡುವುದು ಮೇಷ್ಟ್ರು. ಇವಳ ತರಗತಿಯಲ್ಲಿ ಸರದಿಯ ಮೇಲೆ ವಿದ್ಯಾರ್ಥಿಗಳು, ಅದೂ ಕಪ್ಪೆ ತಟ್ಟೆಗೆ ಬಂದ ಮೇಲೆ. ಹಿಂದೊಮ್ಮೆ ಹುಡುಗರು ಕೊಯ್ದ ಕಪ್ಪೆಗಳನ್ನು ಒಬ್ಬರ ಮೇಲೊಬ್ಬರು ಎಸೆದು ಆಡಿದ್ದನ್ನು ನೋಡಿ ಅವಳಿಗೆ ಮೈಯೆಲ್ಲ ಉರಿದುಹೋಗಿತ್ತು. ಅವತ್ತಿನಿಂದ, ಜೀವ ಕೊಡುವ ಪ್ರಾಣಿಗೆ ಅದರ ಎದುರಿಗೇ ಧನ್ಯವಾದ ಹೇಳಿ ಕೊಯ್ಯಬೇಕು ಎಂದು ನಿಯಮ ಮಾಡಿದಳು. ಪ್ರಾರ್ಥನೆಗೆ ಮೊದಲು ಸೂಜಿ ಮುಟ್ಟುವಂತಿಲ್ಲ. ಮೊಳೆ ಹೊಡೆದ ಮೇಲೆ ಥ್ಯಾಂಕ್ಸ್ ಹೇಳುವುದು ಯಾವ ನ್ಯಾಯ ಎನ್ನುವುದು ಅವಳ ವಾದ. ಪಾದ್ರಿಗಳು ಈ ಮಾತು ಕೇಳಿ ಮುಖ ಸಿಂಡರಿಸಿದರು. ಪ್ರಾರ್ಥನೆ ಕೀರ್ತನೆಯ ಒಂದು ಚರಣಕ್ಕಿಂತ ಉದ್ದವಾಗಬಾರದು ಎನ್ನುವುದು ಇನ್ನೊಂದು ನಿಯಮ. ಭರಣಿಯಿಂದ ಹೊರಗೆ ತೆಗೆದ ಕಪ್ಪೆಗೆ ಈಥರ್ ಇಳಿಯುತ್ತ ಹೋಗುತ್ತದೆ.

ಈ ಪಾದ್ರಿಗಳ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ವಿಶ್ವವಿದ್ಯಾಲಯದ ಆತ್ಮಗಳೆಲ್ಲ ಅವರ ಜವಾಬ್ದಾರಿ. ವಿದ್ಯಾರ್ಥಿಗಳು ಅವರಿಗೆ ಇಟ್ಟ ಹೆಸರು 'ಇನ್ನೊಂದೇ ಮಾತು.' ಇನ್ನೊಂದೇ ಮಾತು ಹೇಳಿ ಮುಗಿಸುತ್ತೇನೆ ಎಂದು ಅವರು ಹೇಳಿದಾಗ ಪ್ರಸಂಗ ಅರ್ಧಕ್ಕೆ ಬಂದಿದೆ ಎಂದು ತಿಳಿಯಬೇಕು. ಮಂತ್ರಕ್ಕಿಂತ ಉಗುಳೇ ಜಾಸ್ತಿ ಎನ್ನುತ್ತಾರಲ್ಲ, ಮುಂದಿನ ಸಾಲಿನಲ್ಲಿ ಕೂರುವವರಿಗೆ ಅದು ಗಾದೆಯಲ್ಲ, ಅನುಭವ. ಕೆಟ್ಟ ಮನುಷ್ಯರಲ್ಲ. ಹೆಂಡತಿ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಜಡೆ ಹೆಣೆಯುವುದರಿಂದ ಹಿಡಿದು ಎಲ್ಲವನ್ನೂ ಕಲಿತು ಸಾಕಿದವರು. ಆದರೆ ದೇವರ ಮೌನಕ್ಕೂ ಸೇರಿಸಿ ತಾವೇ ಮಾತಾಡಬೇಕು ಎಂದುಕೊಂಡಿದ್ದರು.

ಆ ಮಗಳು ನನ್ನ ಹೆಂಡತಿಯ ಕೊನೆಯ ವರ್ಷದ ತರಗತಿಗೆ ಬಂದಳು. ಆ ವರ್ಷ ಮನೆಯಲ್ಲಿ ನನಗೆ ಕಿವಿ ತೂತಾಗುವಷ್ಟು ಕೇಳಿದ್ದು ಒಂದೇ ಹಾಡು: ಹುಡುಗಿ ಇಂಥ ಪ್ರಶ್ನೆ ಕೇಳಿದಳು, ಹುಡುಗಿ ಪಠ್ಯದ ತಪ್ಪು ಹಿಡಿದಳು. ನಮ್ಮ ಸ್ವಂತ ಮಗ ಚಪ್ಪಲಿ ಅಂಗಡಿ ಇಟ್ಟಿದ್ದಾನೆ, ರಕ್ತ ಕಂಡರೆ ಅವನಿಗೆ ತಲೆ ಸುತ್ತುತ್ತದೆ. ಅಷ್ಟು ವರ್ಷ ಪಾಠ ಮಾಡಿದರೂ ಹೃದಯದ ಬೆನ್ನು ಹತ್ತಿ ಮುಂದೆ ಹೋಗುವ ಒಂದು ತಲೆ ಅವಳಿಗೆ ಸಿಕ್ಕಿರಲಿಲ್ಲ. ಎಲ್ಲರೂ ಪಾಸಾಗಿ, ಕೈಕುಲುಕಿ, ಮದುವೆಗೆ ಕರೆದು, ಮರೆತುಹೋದವರೇ. ಈಗ ಸಿಕ್ಕಿದಳು ಎಂದು ಅವಳು ದೂರದ ವಿಶ್ವವಿದ್ಯಾಲಯದಲ್ಲಿ ಹೃದಯದ ಸಂಶೋಧನೆ ಮಾಡುವ ತನ್ನ ಸಹಪಾಠಿಗೆ ಹೇಳಿ ಹುಡುಗಿಗೆ ಒಂದು ಜಾಗ ಹಿಡಿಸಿದ್ದಳು. ಪದವಿ ಮುಗಿಸಿ ಹೋಗುವುದೊಂದೇ ಬಾಕಿ. ಯಾರ ಹತ್ತಿರವೂ ಏನನ್ನೂ ಕೇಳದವಳು ಅದಕ್ಕಾಗಿ ಬಾಯಿ ಬಿಟ್ಟು ಕೇಳಿದ್ದಳು.

ಆಮೇಲೆ ಹುಡುಗಿಯ ಪ್ರಾರ್ಥನೆಯ ಸರದಿ ಬಂತು.

ಶುರುವಾದದ್ದು ಚೆನ್ನಾಗಿಯೇ ಶುರುವಾಯಿತಂತೆ. ಕಪ್ಪೆಗೆ ಧನ್ಯವಾದ. ಆಮೇಲೆ ಕಪ್ಪೆಯನ್ನು ಸೃಷ್ಟಿಸಿದವನಿಗೆ ಧನ್ಯವಾದ. ಆಮೇಲೆ ಕೆರೆಗಳಿಗೆ, ಮಳೆಗೆ, ಕಪ್ಪೆ ತಿನ್ನುವ ಹುಳುಗಳಿಗೆ. ಅಲ್ಲಿಗೆ ಒಂದು ಚರಣ ಮುಗಿದಿತ್ತು. ನನ್ನ ಹೆಂಡತಿ ಕೆಮ್ಮಿದಳು. ಹುಡುಗಿ ಅಧ್ಯಾಪಕರಿಗಾಗಿ, ರೋಗಿಗಳಿಗಾಗಿ, ಪ್ರಯಾಣದಲ್ಲಿರುವವರಿಗಾಗಿ ಬೇಡಲು ಹೊರಟಳು. ನನ್ನವಳು ಇನ್ನೊಮ್ಮೆ ಕೆಮ್ಮಿದಳು. ಹುಡುಗಿ ಕೆಮ್ಮುವವರಿಗಾಗಿಯೂ ಬೇಡಿದಳು. ಆ ಜಾಗದಲ್ಲಿ ಪ್ರಾರ್ಥನೆಯ ನಡುವೆ ಬಾಯಿ ಹಾಕುವುದಕ್ಕಿಂತ ಕಳ್ಳತನ ಮಾಡುವುದು ವಾಸಿ, ಅದರಲ್ಲೂ ಪಾದ್ರಿಗಳ ಮಗಳು ಪ್ರಾರ್ಥಿಸುವಾಗ. ಎಲ್ಲರೂ ಕಣ್ಣು ಮುಚ್ಚಿ, ಕಾಲು ಬದಲಾಯಿಸುತ್ತ ನಿಂತಿದ್ದರು. ಕೊನೆಗೆ ಹುಡುಗಿ, ಕರ್ತನೇ, ನಿನಗೆ ಚಿತ್ತವಿದ್ದರೆ ಈ ಜೀವ ಉಳಿಯಲಿ, ಆಮೆನ್ ಎಂದಳು. ಕಪ್ಪೆ ಎದ್ದು ಕೂತಿತು. ತರಗತಿಯನ್ನೊಮ್ಮೆ ನೋಡಿ, ಒಂದು ನೆಗೆತಕ್ಕೆ ನೀರಿನ ತೊಟ್ಟಿಯ ಅಂಚು, ಇನ್ನೊಂದು ನೆಗೆತಕ್ಕೆ ಕಿಟಕಿ, ಆಮೇಲೆ ಹೊರಗೆ. ಹಿಂದಿನ ಸಾಲಿನ ಹುಡುಗನೊಬ್ಬ ಸ್ಟೂಲಿಗೆ ಎಡವಿ ಬಿದ್ದು ಮೊಣಕೈ ತರಚಿಕೊಂಡ. ಹುಡುಗಿ ತಟ್ಟೆಯನ್ನೇ ನೋಡುತ್ತ ನಿಂತಿದ್ದಳು. ಕತ್ತರಿಯನ್ನು ಆಚೆ ತಳ್ಳಿ, ನಾನಿನ್ನು ಕೊಯ್ಯುವುದಿಲ್ಲ ಎಂದು ಹೇಳಿ ಹೊರಟುಹೋದಳು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಕಡೆಯೂ ಇರುತ್ತಾರೆ. ಊಟದ ಹೊತ್ತಿಗೆ ಪ್ರಜ್ಞೆ ತಪ್ಪಿದ ಕಪ್ಪೆ ಸತ್ತ ಕಪ್ಪೆಯಾಗಿತ್ತು. ಸಂಜೆಗೆ ಅದರ ಎದೆ ಕೊಯ್ದಾಗಿತ್ತು, ಗಾಯ ತಾನಾಗಿಯೇ ಕೂಡಿಕೊಂಡಿತ್ತು. ಪ್ರಾರ್ಥನಾಮಂದಿರದ ಪಕ್ಕದ ಕೊಳದಲ್ಲಿ ಯಾವ ಕಪ್ಪೆ ವಟಗುಟ್ಟಿದರೂ ಅದೇ ಇದು ಎಂದು ಜನ ನಿಂತು ನೋಡತೊಡಗಿದರು. ಯಾರೋ ರೊಟ್ಟಿಯ ಚೂರು ಹಾಕಿದರು. ಕಪ್ಪೆ ರೊಟ್ಟಿ ತಿನ್ನುವುದಿಲ್ಲ ಎಂದು ಹೇಳಿದ್ದಕ್ಕೆ, ಸಾಧಾರಣ ಕಪ್ಪೆ ತಿನ್ನುವುದಿಲ್ಲ ಎಂದು ನನಗೇ ತಿರುಗಿಸಿದರು.

ಪಾದ್ರಿಗಳು ಆ ಭಾನುವಾರ ಕಪ್ಪೆಯ ಮೇಲೆ ಪ್ರಸಂಗ ಮಾಡಿದರು. ಮುಂದಿನ ಭಾನುವಾರ ಆಡಳಿತ ಮಂಡಳಿಯವರೆಲ್ಲ ಬರುವರೆಂದೂ ಮಗಳು ವೇದಿಕೆ ಹತ್ತಿ ಈ ಪವಾಡಕ್ಕೆ ಸಾಕ್ಷಿ ಹೇಳುವಳೆಂದೂ ಸಾರಿದರು. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಎಂದಿನ ಹಾಗೆ ಕೈಕಟ್ಟಿ ಕೂರುತ್ತಿದ್ದೆ. ಮಗಳಿಗೆ ಇನ್ನು ಕಪ್ಪೆ ಕೊಯ್ಯುವ ಓದು ಬೇಡ, ಪದವಿಯೂ ಬೇಡ, ಊರೂರಿಗೆ ಹೋಗಿ ಸಾಕ್ಷಿ ಹೇಳುವುದೇ ಅವಳಿಗೆ ಬಂದ ಕರೆ ಎಂದುಬಿಟ್ಟರು. ನನ್ನ ಪಕ್ಕದಲ್ಲಿದ್ದ ಹೆಂಡತಿಯ ಮುಖ ಬಿಳಿಚಿಕೊಂಡಿತು. ಮದುವೆಯಾದಾಗಿನಿಂದ ಆ ಮುಖ ಅಷ್ಟು ಹೆದರಿದ್ದನ್ನು ನಾನು ನೋಡಿರಲಿಲ್ಲ.

ಆರಾಧನೆ ಮುಗಿದ ಮೇಲೆ ಅವಳು ಪಾದ್ರಿಗಳ ಹತ್ತಿರ ಹೋಗಿ ವಿನಯವಾಗಿಯೇ ವಿವರಿಸಿದಳು. ಅದು ಸತ್ತಿರಲಿಲ್ಲ, ಈಥರ್ ಇಳಿದ ಮೇಲೆ ಕಪ್ಪೆ ಏಳುತ್ತದೆ ಎಂದಳು.

"ಸರಿ ಮೇಡಂ. ಆ ಈಥರ್ ಇಳಿಸಿದವರು ಯಾರು?" ಎಂದರು ಪಾದ್ರಿಗಳು, ನಗುತ್ತ.

ಇದಕ್ಕೆ ಯಾವ ಪ್ರಯೋಗಾಲಯದಲ್ಲಿ ಉತ್ತರವಿದೆ? ದಾರಿಯುದ್ದಕ್ಕೂ ನಾನು ಪಾದ್ರಿಗಳ ವಂಶವನ್ನೆಲ್ಲ ಎಳೆದು ಬೈದೆ. ನೀನೂ ವೇದಿಕೆ ಹತ್ತು, ಇದ್ದದ್ದನ್ನು ಇದ್ದ ಹಾಗೆ ಹೇಳಿ ಆ ಮನುಷ್ಯನ ಬಾಯಿ ಮುಚ್ಚಿಸು ಎಂದೆ. ಅವಳು ಒಪ್ಪಲಿಲ್ಲ.

"ನಾನು ಅವರಪ್ಪನ್ನ ಸೋಲಿಸಿದ್ರೆ ಅವಳು ಅಪ್ಪನ ಪಕ್ಕ ಹೋಗಿ ನಿಲ್ತಾಳೆ ಕಣ್ರೀ. ನಾನಾದ್ರೂ ಹಾಗೇ ಮಾಡ್ತಿದ್ದೆ. ಅವಳಿಗೇ ಅನುಮಾನ ಬರ್ಬೇಕು. ಬಂದ್ರೆ ನನ್ ಹತ್ರ ಬರ್ತಾಳೆ."

"ಬರ್ದಿದ್ರೆ?"

"ಬರ್ದಿದ್ರೆ ಹೋಯ್ತು" ಎಂದು ಹೇಳಿ ಅಡುಗೆಮನೆಯ ಕೊಳಾಯಿ ಬಿಚ್ಚತೊಡಗಿದಳು. ಕೊಳಾಯಿ ಸೋರುತ್ತಿರಲಿಲ್ಲ. ಆ ವಾರವೆಲ್ಲ ನಮ್ಮ ಮನೆಯಲ್ಲಿ ಸೋರದ ಕೊಳಾಯಿಗಳೆಲ್ಲ ರಿಪೇರಿಯಾದವು, ಅವುಗಳಲ್ಲಿ ಎರಡು ಆಮೇಲೆ ಸೋರಲು ಶುರುಮಾಡಿದವು.

ಶನಿವಾರ ಮಧ್ಯಾಹ್ನ ನಾನು ತಟ್ಟೆ ಹಾಕಿಕೊಂಡು ಊಟಕ್ಕೆ ಕೂರುವುದರಲ್ಲಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ಹುಡುಗಿ ನಿಂತಿದ್ದಳು. ವಾರದಿಂದ ನಿದ್ದೆಯಿಲ್ಲದ ಕಣ್ಣು, ಕೈಯಲ್ಲಿ ಮುಚ್ಚಳಕ್ಕೆ ತೂತು ಮಾಡಿದ ಡಬ್ಬಿ. ಒಳಗಿನಿಂದ ಗೊರಗೊರ ಸದ್ದು.

"ಮೇಡಂ, ಅವತ್ತು ಆ ಕಪ್ಪೆ ಸತ್ತಿತ್ತಾ?"

ನನ್ನ ಹೆಂಡತಿ ಇಲ್ಲ ಎನ್ನಬಹುದಿತ್ತು. ನಾನಾಗಿದ್ದರೆ ಬೆಟ್ಟದ ಮೇಲೆ ನಿಂತು ಇಲ್ಲ ಎಂದು ಕೂಗುತ್ತಿದ್ದೆ. ಅವಳು, "ನನ್ನ ಯಾಕೆ ಕೇಳ್ತೀಯಮ್ಮ? ಡಬ್ಬೀಲಿ ಎಷ್ಟು ತಂದಿದೀಯ?" ಎಂದಳು.

ಹುಡುಗಿ ತಂದಿದ್ದು ಎರಡು. ಅದನ್ನು ಕೇಳಿಯೇ ನನ್ನವಳ ಮುಖಕ್ಕೆ ಅರ್ಧ ಬಣ್ಣ ವಾಪಸು ಬಂತು. ಒಂದೇ ತಂದಿದ್ದರೆ ಅದು ಪವಾಡಕ್ಕೆ ಕಾಯುವವರ ಲೆಕ್ಕ. ಎರಡು ತಂದಿದ್ದಾಳೆ ಎಂದರೆ ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಬೇಕು ಎಂದು ಅವಳಿಗೇ ಹೊಳೆದಿದೆ. ಒಂದಕ್ಕೆ ಪ್ರಾರ್ಥನೆ, ಒಂದಕ್ಕೆ ಇಲ್ಲ. ಮಿಕ್ಕದ್ದೆಲ್ಲ ಒಂದೇ ಸಮ: ಪ್ರಯೋಗಾಲಯದಿಂದ ತಂದ ಅಷ್ಟೇ ಈಥರ್, ಅಷ್ಟೇ ಹೊತ್ತು ಭರಣಿಯಲ್ಲಿ. ಮಲಗಿಸಲು ಮಗನ ಅಂಗಡಿಯ ಎರಡು ಚಪ್ಪಲಿ ಡಬ್ಬಿಗಳು. ಮುಂದಿನ ಕೋಣೆಯಲ್ಲಿ ಹುಡುಗಿ ಒಂದರ ಮುಂದೆ ಅವತ್ತಿನ ಪ್ರಾರ್ಥನೆಯನ್ನೇ ಅಷ್ಟೇ ಉದ್ದ ಮಾಡಬೇಕು. ಅಡುಗೆಮನೆಯಲ್ಲಿ ಇನ್ನೊಂದು. ಅದರ ಮುಂದೆ ಪ್ರಾರ್ಥಿಸದೆ ಇರುವವರು ಒಬ್ಬರು ಬೇಕು. ಇಬ್ಬರೂ ನನ್ನ ಕಡೆ ತಿರುಗಿದರು.

"ನಿಮಗೇನೂ ಕಷ್ಟ ಆಗಲ್ಲ ಅಲ್ವಾ?" ಎಂದಳು ಹೆಂಡತಿ.

ಕಷ್ಟವೇ? ಪ್ರಾರ್ಥಿಸದೆ ಪ್ರಾರ್ಥನಾಮಂದಿರದಲ್ಲೇ ಜೀವನ ಸಾಗಿಸಿದವನು ನಾನು. ಬಾಗಿಲು ಮುಚ್ಚಿ ಕಪ್ಪೆಯ ಎದುರು ಕೂತೆ. ಅವಳು ನಡುಮನೆಯಲ್ಲಿ ಗಡಿಯಾರ ಹಿಡಿದು ನಿಂತಳು. ಗೋಡೆಯ ಆಚೆಯಿಂದ ಹುಡುಗಿಯ ದನಿ ಕೇಳುತ್ತಿತ್ತು, ಕೆರೆ, ಮಳೆ, ಹುಳು. ನನ್ನೆದುರು ಕಪ್ಪೆ ಅಂಗಾತ ಬಿದ್ದಿತ್ತು. ಪಕ್ಕದಲ್ಲಿ ನನ್ನ ಊಟ ಆರಿ ತಣ್ಣಗಾಗುತ್ತಿತ್ತು. ಹುಡುಗಿ ರೋಗಿಗಳ ಹತ್ತಿರ ಬರುವ ಹೊತ್ತಿಗೆ ನನ್ನ ತಾಳ್ಮೆ ಮುಗಿಯಿತು. ಏಳೇ ಸೋಂಬೇರಿ, ನಿನ್ನ ದೆಸೆಯಿಂದ ನನ್ನ ಅನ್ನಕ್ಕೆ ಕಲ್ಲು ಬಿತ್ತು ಎಂದು ಶುರುಮಾಡಿ, ಇಲ್ಲಿ ಬರೆಯಲಾಗದ ಕೆಲವು ಮಾತುಗಳನ್ನೂ ಸೇರಿಸಿ ಅದರ ಮಾನ ಕಳೆದೆ. ಕಪ್ಪೆಯ ಒಂದು ಕಾಲು ಅಲುಗಿತು. ಇನ್ನೊಂದು ಕಾಲು. ಆಮೇಲೆ ಮಗುಚಿಕೊಂಡು ಎದ್ದು ನೇರವಾಗಿ ನನ್ನ ತಟ್ಟೆಗೆ ನೆಗೆಯಿತು.

ನಾನು ಬಾಗಿಲು ತೆರೆದು ಓಡಿಬಂದಾಗ ಹುಡುಗಿ ಇನ್ನೂ ಪ್ರಯಾಣಿಕರಿಗಾಗಿ ಬೇಡುತ್ತಿದ್ದಳು. ಅವಳ ಕಪ್ಪೆ ಎದ್ದದ್ದು ಆಮೆನ್ ಆದ ಮೇಲೆ.

"ನೀವು ಪ್ರಾರ್ಥನೆ ಮಾಡಿದ್ರಾ?" ಎಂದು ಹೆಂಡತಿ ಕಣ್ಣು ಕಿರಿದು ಮಾಡಿ ಕೇಳಿದಳು.

"ಇಲ್ಲ ಕಣೇ. ಬೈದೆ."

ಹುಡುಗಿಗೆ ಮೊದಲು ನಗು ಬಂತು. ನಕ್ಕವಳು ಹಾಗೆಯೇ ಕುರ್ಚಿಯಲ್ಲಿ ಕುಸಿದು ಅಳತೊಡಗಿದಳು. ನಾನು ನೀರು ತರಲು ಹೊರಟೆ. ಹೆಂಡತಿ ಸನ್ನೆ ಮಾಡಿ ತಡೆದಳು. ಸಮಾಧಾನ ಹೇಳಲೂ ಇಲ್ಲ, ತಲೆ ಸವರಲೂ ಇಲ್ಲ, ಸುಮ್ಮನೆ ಕಾದಳು. ಹುಡುಗಿ ಕಣ್ಣೊರೆಸಿಕೊಂಡು ಚಪ್ಪಲಿ ಡಬ್ಬಿಗಳನ್ನು ನೋಡಿದಳು.

"ಮೇಡಂ, ಇನ್ನೊಂದ್ ಸಲ ಮಾಡೋಣ. ಅಡುಗೆಮನೆ ಬೆಚ್ಚಗಿದೆ, ಅದಕ್ಕೇ ಆ ಕಪ್ಪೆ ಬೇಗ ಎದ್ದಿರ್ಬಹುದು. ಈ ಸಲ ನಾನು ಇಲ್ಲಿ ಬೈತೀನಿ. ಅಂಕಲ್ ಅಲ್ಲಿ ಪ್ರಾರ್ಥನೆ ಮಾಡ್ಲಿ."

ನನ್ನ ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ನಾವಿಬ್ಬರೂ ನೋಡಬಾರದೆಂದು. ನಾನು ನೋಡಿದೆ. ಜ್ವರದಲ್ಲಿ ಆ ಗಾಜಿನ ಬಟ್ಟಲ ಕಥೆ ಹೇಳಿದಾಗ ಇದ್ದ ಮುಖವೇ ಅದು.

ಕಪ್ಪೆಗಳಿಗೆ ಸಾಕಷ್ಟು ವಿಶ್ರಾಂತಿ ಕೊಟ್ಟು ಮತ್ತೆ ಮಲಗಿಸಿದೆವು. ಬೈಯಲು ಹೊರಟ ಹುಡುಗಿಗೆ 'ಕತ್ತೆ'ಗಿಂತ ಮುಂದೆ ಒಂದು ಬೈಗುಳವೂ ಗೊತ್ತಿರಲಿಲ್ಲ. ಕಪ್ಪೆಗೆ ಕತ್ತೆ ಎಂದರೆ ಬೇಜಾರಾಗುವುದಿಲ್ಲ ಎಂದು ನಾನು ಎರಡು ಮೂರು ಹೇಳಿಕೊಟ್ಟೆ. ನಾನು ಅಡುಗೆಮನೆಯಲ್ಲಿ ಮಂಡಿಯೂರಿದೆ. ಎಷ್ಟೋ ವರ್ಷಗಳಿಂದ ಬಾಯಿ ಬಿಟ್ಟು ಪ್ರಾರ್ಥಿಸಿದವನಲ್ಲ, ಕಪ್ಪೆಯ ಹುಳುಗಳ ತನಕ ಬರುವಷ್ಟರಲ್ಲಿ ಮಾತು ಮುಗಿಯಿತು. ಆದರೂ ಹೊತ್ತು ತುಂಬಿಸಬೇಕಿತ್ತು. ಏನು ಬೇಡಲಿ? ಕರ್ತನೇ, ಈ ಹುಡುಗಿ ನನ್ನ ಹೆಂಡತಿಯ ಕೈ ತಪ್ಪಿ ಹೋಗದಿರಲಿ, ಅವಳು ಇನ್ನೇನನ್ನೂ ಕೇಳಿದವಳಲ್ಲ ಎಂದೆ. ಆ ಮಾತು ನಿಜವಾಗಿಯೂ ನನ್ನ ಹೊಟ್ಟೆಯೊಳಗಿಂದ ಬಂತು. ಅದು ನಡುಮನೆಗೆ ಕೇಳಿಸಿತೋ ಏನೋ, ಅವಳು ಈವತ್ತಿಗೂ ಹೇಳಿಲ್ಲ.

ಈ ಸಲವೂ ಅಡುಗೆಮನೆಯ ಕಪ್ಪೆಯೇ ಮೊದಲು ಎದ್ದಿತು. ಆಮೇಲೆ ಹುಡುಗಿಯದು. ಪ್ರಾರ್ಥನೆಯೂ ಅಲ್ಲ, ಬೈಗುಳವೂ ಅಲ್ಲ, ಒಲೆಯ ಬಿಸಿ. ಹುಡುಗಿ ಅವೆರಡನ್ನೂ ಡಬ್ಬಿಗೆ ಹಾಕಿಕೊಂಡಳು. ನಾಳೆ ಏನು ಹೇಳುವೆ ಎಂದು ನನ್ನ ಹೆಂಡತಿ ಕೇಳಲಿಲ್ಲ. ನಾನು ಕೇಳಲು ಬಾಯಿ ತೆರೆದೆ, ಕಾಲು ತುಳಿದಳು.

ಭಾನುವಾರ ಮಂದಿರ ಕಿಕ್ಕಿರಿದಿತ್ತು. ಆಡಳಿತ ಮಂಡಳಿಯವರು ಮುಂದಿನ ಸಾಲಿನಲ್ಲಿ ಕರವಸ್ತ್ರ ಸಿದ್ಧಮಾಡಿಕೊಂಡು ಕೂತಿದ್ದರು. ಪಾದ್ರಿಗಳು ಮಗಳನ್ನು ಪರಿಚಯಿಸಲು ತೆಗೆದುಕೊಂಡ ಸಮಯದಲ್ಲಿ ಒಂದು ಡಜನ್ ಕಪ್ಪೆ ಎದ್ದು ಹೋಗಬಹುದಿತ್ತು. ಹುಡುಗಿ ವೇದಿಕೆ ಹತ್ತಿದಳು.

"ಆ ಕಪ್ಪೆ ಸತ್ತಿರ್ಲಿಲ್ಲ. ನಿದ್ದೇಲಿತ್ತು. ನಿನ್ನೆ ನಾವು ಮತ್ತೆ ಮಾಡಿ ನೋಡಿದ್ವಿ. ಪ್ರಾರ್ಥನೆ ಮಾಡಿದ್ರೂ ಏಳುತ್ತೆ, ಮಾಡ್ದೇ ಇದ್ರೂ ಏಳುತ್ತೆ."

ಪಾದ್ರಿಗಳ ಮುಖದ ಮೇಲಿನ ನಗು ಹೋಗುವ ದಾರಿ ತಿಳಿಯದೆ ಅಲ್ಲೇ ಉಳಿದಿತ್ತು. ಹುಡುಗಿ ಅವರ ಕಡೆ ತಿರುಗಿದಳು.

"ಇನ್ನೊಂದೇ ಮಾತು ಹೇಳಿ ಮುಗಿಸ್ತೀನಿ ಅಪ್ಪಾ. ಅವತ್ತು ನಾನು ದೇವರ ಹತ್ರ ಮಾತಾಡ್ತಾನೇ ಇರ್ಲಿಲ್ಲ. ಕತ್ತರಿ ಹಿಡಿಯೋಕೆ ಭಯ ಆಗಿತ್ತು. ಪ್ರಾರ್ಥನೆ ಮುಗಿದ್ರೆ ಕೊಯ್ಬೇಕಲ್ಲ ಅಂತ ಹೊತ್ತು ಕಳೀತಿದ್ದೆ. ನನಗೆ ಬಂದಿದ್ದು ಕರೆ ಅಲ್ಲ, ಭಯ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕು ಕೆಮ್ಮಿದ ಹಾಗೆ ಮಾಡಿದರು. ಪಾದ್ರಿಗಳು ಎದ್ದು ನಿಂತರು. ಬಾಯಿ ತೆರೆದರು. ಏನೂ ಬರಲಿಲ್ಲ. ಆ ಮನುಷ್ಯನ ಬಾಯಿ ಕಟ್ಟುವ ದಿನಕ್ಕಾಗಿ ನಾನು ಆರ್ಗನ್ ಹಿಂದೆ ಕೂತು ಎಷ್ಟು ವರ್ಷ ಕಾದಿದ್ದೆನೋ. ಬಂದಾಗ ಖುಷಿಪಡಲು ಆಗಲಿಲ್ಲ. ಜಡೆ ಹೆಣೆದ ಕೈಗಳು ಬೈಬಲ್ಲಿನ ಅಂಚನ್ನು ಹಿಚುಕುತ್ತಿದ್ದವು. ನಾನು ಕೈಗೆ ಸಿಕ್ಕಿದ ಕೀರ್ತನೆ ನುಡಿಸಿ ಜನರನ್ನು ಎಬ್ಬಿಸಿ ಹೊರಗೆ ಕಳುಹಿಸಿದೆ.

ಆಮೇಲೆ ತಂದೆ ಮಗಳಲ್ಲಿ ಮಾತಿಲ್ಲ ಎಂದು ಸುದ್ದಿ. ತರಗತಿಯ ದಿನ ಬಂತು. ನನ್ನ ಹೆಂಡತಿ ಆತಂಕದಲ್ಲಿ ಕನ್ನಡಕವನ್ನು ಮನೆಯಲ್ಲೇ ಮರೆತು ಹೋಗಿದ್ದಳು. ಅದನ್ನು ಕೊಡಲು ಹೋದ ನೆಪದಲ್ಲಿ ನಾನು ಪ್ರಯೋಗಾಲಯದ ಬಾಗಿಲಲ್ಲೇ ನಿಂತೆ. ಫಾರ್ಮಲಿನ್ ವಾಸನೆ, ತೊಟ್ಟಿಕ್ಕುವ ನಲ್ಲಿ, ಗೋಡೆಯ ಮೇಲಿನ ಕಪ್ಪೆಯ ಚಿತ್ರಪಟಕ್ಕೆ ಯಾರೋ ಬರೆದ ಮೀಸೆ. ಹುಡುಗಿಯ ಮುಂದೆ ತಟ್ಟೆಯಲ್ಲಿ ಕಪ್ಪೆ ಮಲಗಿತ್ತು. ಅವಳು ತಲೆ ಬಾಗಿಸಿ, "ನಿನ್ನನ್ನ ನೋಡಿ ಕಲೀತೀನಿ. ಥ್ಯಾಂಕ್ಸ್" ಎಂದಳು. ಅದು ಕಪ್ಪೆಗೋ ಕರ್ತನಿಗೋ ಗೊತ್ತಾಗಲಿಲ್ಲ. ಸೂಜಿ ಎತ್ತಿಕೊಂಡಳು.

ಅಷ್ಟರಲ್ಲಿ ನನ್ನ ಹಿಂದೆ ಯಾರೋ ಬಂದು ನಿಂತರು. ಪಾದ್ರಿಗಳು. ನಾನು ಪಕ್ಕಕ್ಕೆ ಸರಿದೆ. ಅವರು ಒಳಗೆ ಹೋಗಿ ಮಗಳಿಂದ ಸ್ವಲ್ಪ ದೂರದಲ್ಲಿ ನಿಂತು ಕಣ್ಣು ಮುಚ್ಚಿಕೊಂಡರು. ಎದೆ ಬಿಡಿಸುವ ತನಕ ಮುಚ್ಚಿಯೇ ಇದ್ದರು.

"ಕಣ್ಣು ಬಿಡಿ ಅಪ್ಪಾ. ಆಯ್ತು" ಎಂದಳು ಹುಡುಗಿ.

ಬಟ್ಟಲಿನ ಉಪ್ಪುನೀರಿನಲ್ಲಿ ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡದೊಂದು ಕೆಂಪು ಮುದ್ದೆ. ಬಡಿಯುತ್ತಿತ್ತು. ಸುತ್ತ ಏನೂ ಇಲ್ಲ, ಯಾರೂ ಇಲ್ಲ, ಬಡಿಯುತ್ತಿತ್ತು. ನಾನೂ ಮೊದಲ ಸಲ ನೋಡಿದ್ದು ಅವತ್ತೇ. ಇಷ್ಟು ವರ್ಷ ಅವಳ ಬಾಯಲ್ಲಿ ಪಂಪು ಪಂಪು ಎಂದು ಕೇಳಿ ಸುಮ್ಮನಿದ್ದೆನಲ್ಲ ಎಂದು ನಾಚಿಕೆಯಾಯಿತು. ಪಾದ್ರಿಗಳು ಬಗ್ಗಿ ನೋಡಿದರು, ಇನ್ನೂ ಬಗ್ಗಿದರು. ಮೂಗು ನೀರಿಗೆ ತಾಗುವುದೊಂದೇ ಬಾಕಿ.

"ಮೇಡಂ, ಇದಕ್ಕೆ ನಾನೊಂದು ಪ್ರಾರ್ಥನೆ ಮಾಡ್ಲಾ?" ಎಂದರು, ತಗ್ಗಿದ ದನಿಯಲ್ಲಿ.

ನನ್ನ ಹೆಂಡತಿ ತಟ್ಟೆಯ ಮೇಲಿನ ಕೊಯ್ದ ಕಪ್ಪೆಯನ್ನೊಮ್ಮೆ ನೋಡಿ, ಅವರನ್ನು ನೋಡಿದಳು.

"ಮಾಡಿ ಪಾದ್ರಿಗಳೇ. ಎಷ್ಟು ಉದ್ದ ಬೇಕಾದ್ರೂ ಮಾಡಿ. ಈ ಸಲ ಇದು ಏಳಲ್ಲ."

ಅವರು ಕಣ್ಣು ಮುಚ್ಚಿ, ತುಟಿ ಅಲುಗಿಸಿ, ಬಹಳ ಹೊತ್ತಿನ ಮೇಲೆ ಆಮೆನ್ ಎಂದರು. ಅದೊಂದೇ ಮಾತು. ಇಡೀ ತರಗತಿ ಆಮೆನ್ ಎಂದಿತು, ನಾನೂ ಎಂದೆ. ಹುಡುಗಿ ಮಾತ್ರ ಎನ್ನಲಿಲ್ಲ. ಅವಳು ಬಡಿತ ಎಣಿಸುತ್ತಿದ್ದಳು.